ಜೂನ್ ತಿಂಗಳು ಹೇಳದೆ ಬರುವುದಿಲ್ಲ: ಮನೆಯ ಸಾಲ, ಉಳಿತಾಯದ ಲೆಕ್ಕ

ಪ್ರಶ್ನೆ: ಪತಿಗೆ ಖಾಸಗಿ ಕಂಪನಿಯಲ್ಲಿ ಕೈಗೆ ಬರುವ ಸಂಬಳ 38,000 ರೂಪಾಯಿ. ನನ್ನ ಹೊಲಿಗೆಯಿಂದ ತಿಂಗಳಿಗೆ ಸುಮಾರು 7,000 ಬರುತ್ತದೆ. ನಾವು ದುಂದುವೆಚ್ಚ ಮಾಡುವವರಲ್ಲ. ಆದರೂ ಜೂನ್ ಬಂತೆಂದರೆ ಮಕ್ಕಳ ಫೀಸಿಗೆ, ಹಬ್ಬ ಬಂತೆಂದರೆ ಬಟ್ಟೆಬರೆಗೆ ಸಾಲ ಮಾಡುವಂತಾಗಿದೆ. ಈಗ ಕ್ರೆಡಿಟ್ ಕಾರ್ಡಿನಲ್ಲಿ 60,000, ಬ್ಯಾಂಕಿನಲ್ಲಿ ಒಡವೆಯ ಮೇಲೆ 80,000 ರೂಪಾಯಿ ಸಾಲವಿದೆ. ಕಾರ್ಡಿಗೆ ತಿಂಗಳು ತಪ್ಪದೆ ಕನಿಷ್ಠ ಮೊತ್ತ 3,000 ಕಟ್ಟಿದರೂ ಸಾಲ ಕರಗುತ್ತಿಲ್ಲ. ಆಪತ್ತಿಗಿರಲೆಂದು ಉಳಿತಾಯ ಖಾತೆಯಲ್ಲಿ ಇಟ್ಟಿರುವ 25,000 ರೂಪಾಯಿಯನ್ನು ಮುಟ್ಟಿಲ್ಲ. ನಾವು ತಪ್ಪುತ್ತಿರುವುದೆಲ್ಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ದುಂದುವೆಚ್ಚದ ಸುಳಿವು ನನಗೂ ಕಾಣಲಿಲ್ಲ. ಆದರೆ ನೀವು ಸಾಲ ಮಾಡಿರುವ ಖರ್ಚುಗಳನ್ನೊಮ್ಮೆ ನೋಡಿ: ಶಾಲೆಯ ಫೀಸು, ಹಬ್ಬ. ಇವೆರಡರಲ್ಲಿ ಯಾವುದೂ ದಿಢೀರನೆ ಬಂದದ್ದಲ್ಲ, ಎರಡಕ್ಕೂ ಕ್ಯಾಲೆಂಡರಿನಲ್ಲಿ ಮೊದಲೇ ದಿನ ಗೊತ್ತಾಗಿರುತ್ತದೆ. ನನ್ನ ಬಳಿ ಸಲಹೆಗೆ ಬರುವ ಕುಟುಂಬಗಳಲ್ಲಿ ಆಸ್ಪತ್ರೆ ಅಥವಾ ಕೆಲಸ ಹೋದದ್ದರಿಂದ ಸಾಲಕ್ಕೆ ಬಿದ್ದವರಿಗಿಂತ, ವರ್ಷಕ್ಕೊಮ್ಮೆ ಬರುವ ಖರ್ಚನ್ನು ತಿಂಗಳ ಲೆಕ್ಕಕ್ಕೆ ತಂದುಕೊಳ್ಳದೆ ಸಾಲಕ್ಕೆ ಬಿದ್ದವರೇ ಹೆಚ್ಚು.

ನಿಮ್ಮ ಖರ್ಚಿನ ವಿವರ ಪತ್ರದಲ್ಲಿ ಇಲ್ಲದಿರುವುದರಿಂದ ಒಂದು ಅಂದಾಜು ಹಾಕುತ್ತೇನೆ, ನಿಮ್ಮ ಅಂಕಿಗಳನ್ನು ನೀವೇ ತುಂಬಿಕೊಳ್ಳಿ. ಇಬ್ಬರು ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರಕ್ಕೆ 58,000, ಯುಗಾದಿಯಿಂದ ದೀಪಾವಳಿಯವರೆಗಿನ ಹಬ್ಬಗಳಿಗೆ 24,000, ವಿಮಾ ಕಂತಿಗೆ 18,000, ಬೈಕಿನ ವಿಮೆ ಮತ್ತು ರಿಪೇರಿಗೆ 8,000, ಮದುವೆ ಮುಂಜಿಗಳ ಮುಯ್ಯಿಗೂ ಊರ ಜಾತ್ರೆಗೂ 12,000 ಎಂದಿಟ್ಟುಕೊಂಡರೆ ಒಟ್ಟು 1,20,000 ರೂಪಾಯಿಯಾಗುತ್ತದೆ. ಅಂದರೆ ತಿಂಗಳಿಗೆ 10,000. ನಿಮ್ಮ ಮನೆಯ ವರಮಾನ ಕಾಗದದ ಮೇಲೆ 45,000 ಇದ್ದರೂ ಬಾಡಿಗೆ, ದಿನಸಿ, ಹಾಲು, ಪೆಟ್ರೋಲಿಗೆ ನಿಮಗಿರುವುದು 35,000 ಮಾತ್ರ. ಈ ಹತ್ತು ಸಾವಿರವನ್ನು ಮನೆಖರ್ಚಿನ ಹಣವೆಂದು ಎಣಿಸಿದ್ದರಿಂದಲೇ ಜೂನ್‌ನಲ್ಲಿ ಕೈ ಬರಿದಾಗುತ್ತಿದೆ.

ಇನ್ನು ಕಾರ್ಡಿನ ವಿಷಯ. ಬಡ್ಡಿಯನ್ನು ನಮ್ಮ ಹಿರಿಯರು ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಎಂದು ಹೇಳುತ್ತಿದ್ದರು. ಎಲ್ಲ ಸಾಲವನ್ನೂ ಆ ಭಾಷೆಗೆ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಒಡವೆ ಸಾಲ ಬ್ಯಾಂಕಿನದಾದ್ದರಿಂದ ಬಡ್ಡಿ ಹೆಚ್ಚುಕಡಿಮೆ ಒಂದು ರೂಪಾಯಿಯಷ್ಟಿರುತ್ತದೆ. ಬಹುತೇಕ ಕಾರ್ಡುಗಳದು ಮೂರೂವರೆ ರೂಪಾಯಿಯ ಆಸುಪಾಸು. ಕೈಸಾಲ ಕೊಡುವವರು ಮೂರೂವರೆ ರೂಪಾಯಿ ಬಡ್ಡಿ ಕೇಳಿದರೆ ಬೆಚ್ಚಿಬೀಳುವ ನಾವು, ಅದೇ ಬಡ್ಡಿ ಅಂದದ ಬಿಲ್ಲಿನಲ್ಲಿ ಬಂದಾಗ ಸುಮ್ಮನೆ ಕಟ್ಟುತ್ತೇವೆ. 60,000 ರೂಪಾಯಿಗೆ ತಿಂಗಳ ಬಡ್ಡಿ 2,100, ಅದರ ಮೇಲೆ ಶೇ 18ರ ಜಿಎಸ್‌ಟಿ 378, ಒಟ್ಟು 2,478. ನೀವು ಕಟ್ಟುವ 3,000ದಲ್ಲಿ ಅಸಲಿಗೆ ಸೇರುವುದು 522 ರೂಪಾಯಿ ಮಾತ್ರ. ಹಿಂದಿನ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲವಾದ್ದರಿಂದ, ನಿನ್ನೆ ಆ ಕಾರ್ಡಿನಿಂದ ಕೊಂಡ ಅಕ್ಕಿಬೇಳೆಗೂ ಅಂದಿನಿಂದಲೇ ಬಡ್ಡಿ ಬೀಳುತ್ತದೆ. ಆದ್ದರಿಂದ ಸಾಲ ತೀರುವವರೆಗೆ ಆ ಕಾರ್ಡನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ಫೋನಿನ ಆ್ಯಪ್‌ಗಳಲ್ಲಿ ಉಳಿಸಿಟ್ಟಿದ್ದರೆ ಅಲ್ಲಿಂದಲೂ ತೆಗೆಯಿರಿ.

ಉಳಿತಾಯ ಖಾತೆಯ 25,000 ರೂಪಾಯಿಯಲ್ಲಿ 10,000 ಇಟ್ಟುಕೊಂಡು ಉಳಿದ 15,000ವನ್ನು ಈ ವಾರವೇ ಕಾರ್ಡಿಗೆ ಕಟ್ಟಿ. ಆಪತ್ತಿನ ಹಣ ಮುಟ್ಟಲು ಮನಸ್ಸು ಹಿಂಜರಿಯುವುದು ಸಹಜ, ಆ ಹಿಂಜರಿಕೆ ಒಳ್ಳೆಯ ಗುಣವೇ. ಆದರೆ ಆ 15,000ಕ್ಕೆ ಬ್ಯಾಂಕು ಶೇ 2.5ರ ಬಡ್ಡಿ ಕೊಟ್ಟರೆ ತಿಂಗಳಿಗೆ ಸುಮಾರು 31 ರೂಪಾಯಿ ಸಿಗುತ್ತದೆ. ಅಷ್ಟೇ ಮೊತ್ತದ ಕಾರ್ಡ್ ಸಾಲಕ್ಕೆ ನೀವು ಜಿಎಸ್‌ಟಿ ಸೇರಿ ಸುಮಾರು 620 ರೂಪಾಯಿ ಕಟ್ಟುತ್ತಿದ್ದೀರಿ. ಬಾಕಿ ಉಳಿಯುವ 45,000ಕ್ಕೆ ಮೂರು ಸಾವಿರದ ಬದಲು ಆರು ಸಾವಿರದಂತೆ ಕಟ್ಟಿದರೆ, ಹೊಸ ಖರೀದಿ ಇಲ್ಲದಿದ್ದಲ್ಲಿ ಹತ್ತನೆಯ ತಿಂಗಳಿಗೆ ಸಾಲ ಮುಗಿಯುತ್ತದೆ. ಅಲ್ಲಿಯವರೆಗೆ ಒಡವೆ ಸಾಲಕ್ಕೆ ಬಡ್ಡಿಯನ್ನಷ್ಟೇ ತಪ್ಪದೆ ಕಟ್ಟುತ್ತಾ ಬನ್ನಿ, ಅವಧಿಯ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ. ಕಾರ್ಡ್ ಮುಗಿದ ಮರುತಿಂಗಳಿಂದ ಆ ಆರು ಸಾವಿರ ಒಡವೆಯ ಸಾಲಕ್ಕೆ ಹೋಗಲಿ.

ಈ ವರ್ಷವೇ ತಿಂಗಳಿಗೆ ಹತ್ತು ಸಾವಿರ ತೆಗೆದಿಡುವುದು ನಿಮಗೆ ಆಗಲಾರದು, ಶಾಲೆಯ ಫೀಸಿನಿಂದ ಆರಂಭಿಸಿ. ಜೂನ್‌ನಲ್ಲಿ ಒಂದು ವರ್ಷದ ಆರ್‌ಡಿ (ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಬ್ಯಾಂಕ್ ಠೇವಣಿ) ತೆರೆದು, ಸಂಬಳ ಬಂದ ಮರುದಿನವೇ 4,700 ರೂಪಾಯಿ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಬರೆದುಕೊಡಿ. ಶೇ 6ರ ಬಡ್ಡಿಯಲ್ಲಿ ಮುಂದಿನ ಜೂನ್ ಹೊತ್ತಿಗೆ ಅದು 58,000 ದಾಟುತ್ತದೆ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕಟ್ಟೋಣ ಎಂದುಕೊಂಡವರ ಆರ್‌ಡಿ ಮೂರನೆಯ ಕಂತಿಗೇ ನಿಂತುಹೋದದ್ದನ್ನು ಬಹಳ ಸಲ ಕಂಡಿದ್ದೇನೆ. ಅಂಗಡಿಯಲ್ಲಿ ಉದ್ರಿ ಪುಸ್ತಕವಿದ್ದರೆ ಅದನ್ನೂ ಈ ತಿಂಗಳೇ ಮುಗಿಸಿ. ಉದ್ರಿ ಕೊಡುವ ಅಂಗಡಿಯಲ್ಲಿ ಬೆಲೆ ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಪರಿಚಯದವರೊಬ್ಬರು ಇಪ್ಪತ್ತು ಜನರನ್ನು ಸೇರಿಸಿ ತಿಂಗಳಿಗೆ 5,000ದಂತೆ ಒಂದು ಲಕ್ಷದ ಚೀಟಿ ನಡೆಸುತ್ತಿದ್ದಾರೆ. ಅದಕ್ಕೆ ಸೇರುವುದು ಉಳಿತಾಯವೇ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯಲ್ಲಿ ಎತ್ತಿದವರಿಗೆ ಉಳಿತಾಯ, ಮೊದಲೇ ಎತ್ತಿದವರಿಗೆ ಅದು ಸಾಲ. ಎರಡನೆಯ ತಿಂಗಳಲ್ಲೇ 30,000 ಬಿಟ್ಟುಕೊಟ್ಟು 70,000 ಎತ್ತಿದವರು ಉಳಿದ ಹದಿನೆಂಟು ಕಂತುಗಳನ್ನೂ ಕಟ್ಟಲೇಬೇಕು. ಆದರೆ ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಚೀಟಿ ನೋಂದಣಿಯಾಗಿದೆಯೇ? 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸುವವರು ಮುಂಚಿತವಾಗಿ ಅನುಮತಿ ಪಡೆದು, ಭದ್ರತೆಯನ್ನೂ ಇಡಬೇಕು. ಅವರ ಕಮಿಷನ್ ಶೇ 7ನ್ನು ಮೀರುವಂತಿಲ್ಲ, 2019ರ ತಿದ್ದುಪಡಿಗೆ ಮೊದಲು ಅದು ಶೇ 5 ಇತ್ತು. ನೋಂದಣಿಯಿಲ್ಲದ ಚೀಟಿಯಲ್ಲಿ ನಡೆಸುವವರು ಊರು ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಕಂತು ಬರೆದ ಚಿಕ್ಕ ಪುಸ್ತಕ ಮಾತ್ರ. ಪರಿಚಯದವರೆಂಬ ದಾಕ್ಷಿಣ್ಯಕ್ಕೆ ದಯವಿಟ್ಟು ಸೇರಬೇಡಿ. ಚೀಟಿಯೇ ಬೇಕೆಂದಿದ್ದರೆ ರಾಜ್ಯ ಸರ್ಕಾರದ ಉದ್ಯಮವಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಪ್ರಶ್ನೆ: ಮೈಕ್ರೊ ಫೈನಾನ್ಸಿನ ಮೂರು ಸಾಲಗಳಿವೆ. ಒಂದರ ಕಂತಿಗೆ ಇನ್ನೊಂದರಲ್ಲಿ ಎತ್ತುತ್ತಿದ್ದೇನೆ. ವಸೂಲಿಯವರು ರಾತ್ರಿಯೂ ಮನೆಗೆ ಬರುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ತಾಯಿ, ಮೊದಲು ನಾಲ್ಕನೆಯ ಸಾಲ ಬೇಡ, ಅದನ್ನು ಯಾರೇ ಕೊಡಲು ಬಂದರೂ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ವರಮಾನದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಫೋನ್ ಮಾಡುವುದು, ಇವೆಲ್ಲ ನಿಷಿದ್ಧ. ಕರ್ನಾಟಕವೂ 2025ರಲ್ಲಿ ಬಲವಂತದ ವಸೂಲಿಯ ವಿರುದ್ಧ ಪ್ರತ್ಯೇಕ ಕಾನೂನು ತಂದಿದೆ, ಆದ್ದರಿಂದ ಪೊಲೀಸ್ ಠಾಣೆಗೆ ಹೋಗಲು ಅಂಜಬೇಡಿ. ಆದರೆ ನೋಂದಾಯಿತ ಸಂಸ್ಥೆಯಿಂದ ಪಡೆದ ಸಾಲ ಇದರಿಂದ ಮನ್ನಾ ಆಗುವುದಿಲ್ಲ. ಮೂರೂ ಸಾಲದ ಪಾಸ್‌ಬುಕ್ಕುಗಳನ್ನು ಹಿಡಿದುಕೊಂಡು ಹಗಲಿನಲ್ಲಿ ಶಾಖೆಗೆ ಹೋಗಿ, ಜೊತೆಗೆ ಓದು ಬಲ್ಲ ಒಬ್ಬರನ್ನು ಕರೆದುಕೊಳ್ಳಿ, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡುವಂತೆ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಇಟ್ಟುಕೊಂಡೇ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.