ದಾಳ ಬಿದ್ಮೇಲೆ ಯೋಚ್ನೆ ಮಾಡೋ ಡಿಎಂ

"ಸಿಕ್ಕಿಬಿದ್ದ ಕಳ್ಳಿ" ಅಂತ ಸಹಿ ಹಾಕಿ ಬರೆದಿರೋರ ಪತ್ರ ಓದಿ ನಂಗೇ ಮೈ ಉರೀತು. ವಿಷ್ಯ ಇಷ್ಟೇ. ಆಡ್ತಿರೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ರು ಒಂದೊಂದು ಪಾತ್ರ ತಗೊಂಡು, ದಾಳ ಹಾಕಿ ಕಥೆ ನಡೆಸೋ ಆಟ), 2014ರ ಐದನೇ ಎಡಿಷನ್ ರೂಲ್ಸು, ಇವ್ರದ್ದು ಕಳ್ಳಿ ಪಾತ್ರ. ಕತ್ತಲಲ್ಲಿ ಕಾವಲುಗಾರನ ಪಕ್ಕದಲ್ಲೇ ನುಸುಳ್ಕೊಂಡು ಹೋಗ್ಬೇಕು, ಸ್ಟೆಲ್ತ್ ರೋಲ್ (ಕಣ್ಣಿಗೆ ಬೀಳ್ದೆ ಹೋಗೋಕೆ ಇಪ್ಪತ್ತು ಮುಖದ ದಾಳ) ಹಾಕಿದ್ರು, ಒಟ್ಟು 14 ಬಂತು. ಡಿಎಂ (ಡಂಜನ್ ಮಾಸ್ಟರ್, ಅಂದ್ರೆ ಆಟ ನಡೆಸಿ ತೀರ್ಪು ಹೇಳೋನು) ಆಗಿ ಕೂತಿರೋ ಹಳೇ ಫ್ರೆಂಡು "ಅವ್ನ ಪ್ಯಾಸಿವ್ ಪರ್ಸೆಪ್ಷನ್ನೂ 14, ಸಮ ಬಂದ್ರೆ ಅವ್ನೇ ಗೆದ್ದಂಗೆ, ನೀನು ಸಿಕ್ಕಿಬಿದ್ದೆ" ಅಂದ. ಪ್ಯಾಸಿವ್ ಪರ್ಸೆಪ್ಷನ್ ಅಂದ್ರೆ ದಾಳ ಹಾಕ್ದೇನೇ ಕಾವಲುಗಾರನಿಗೆ ಇರೋ ಗಮನದ ನಂಬರು. ಜಗಳ ಆಯ್ತು, ಆಟ ನಿಂತೋಯ್ತು. ಈಗ ಗುಂಪು ಬಿಡ್ಲಾ ಅಂತ ಕೇಳ್ತಿದಾರೆ.

ರೂಲ್ ವಿಷ್ಯ ಮೊದ್ಲು ಮುಗಿಸ್ಬಿಡೋಣ. ಇದನ್ನ ಮಾಮೂಲಿ ಚೆಕ್ (ಒಂದು ನಂಬರ್ ಮುಟ್ಟೋಕೆ ದಾಳ ಹಾಕೋದು) ಅಂತ ಓದಿದ್ರೆ, ಬೇಕಾದ ನಂಬರಿಗೆ ಸಮ ಬಂದ್ರೂ ಪಾಸು. ಇಲ್ಲ, ಇದು ಇಬ್ಬರ ಮಧ್ಯದ ಕಾಂಟೆಸ್ಟ್ ಅಂತ ಓದಿದ್ರೆ, ಸಮ ಬಂದಾಗ ಪರಿಸ್ಥಿತಿ ಮುಂಚೆ ಹೆಂಗಿತ್ತೋ ಹಂಗೇ ಇರುತ್ತೆ, ಅವ್ನು ಅಲ್ಲಿವರೆಗೂ ನಿಮ್ಮನ್ನ ನೋಡಿರ್ಲಿಲ್ಲ ಅಂದ್ಮೇಲೆ ಈಗ್ಲೂ ನೋಡಿಲ್ಲ. ಹೆಂಗೆ ಓದಿದ್ರೂ ನ್ಯಾಯ ನಿಮ್ ಕಡೆಗೇ ವಾಲುತ್ತೆ.

ಆದ್ರೆ ನೀವು ಪತ್ರದ ಕೊನೇಲಿ ಸುಮ್ನೆ ಒಂದು ಮಾತು ತೇಲಿಸಿಬಿಟ್ಟಿದೀರಿ, "ನಾನು 14 ಅಂದ್ಮೇಲೆ ಅವ್ನು ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಹೇಳಿದ" ಅಂತ. ಅಲ್ಲಾ ರೀ, ಪ್ಯಾಸಿವ್ ಪರ್ಸೆಪ್ಷನ್ ಅಂದ್ರೆ 10ಕ್ಕೆ ಆ ಕಾವಲುಗಾರನ ಪರ್ಸೆಪ್ಷನ್ ಮಾಡಿಫೈಯರ್ (ಅವ್ನ ಗಮನಶಕ್ತಿಯ ಅಂಕ) ಕೂಡಿಸೋದು, ಅದಕ್ಕೆ ದಾಳಾನೂ ಬೇಡ ಯೋಚ್ನೆನೂ ಬೇಡ, ಹಾಳೇಲಿ ಬರೆದಿರೋದನ್ನ ಓದಿ ಹೇಳಿದ್ರೆ ಮುಗೀತು. ಯೋಚ್ನೆ ಮಾಡಿದಾನೆ ಅಂದ್ರೆ ನಿಮ್ ನಂಬರ್ ಕೇಳಿದ್ಮೇಲೆ ಅವ್ನ ನಂಬರ್ ಹುಟ್ಟಿದೆ. ದಾಳಕ್ಕೆ ಮುಂಚೆ ಶರತ್ತು ಅಂತ ನಾನು ಇಲ್ಲಿ ಬಡ್ಕೊಳ್ತಾನೇ ಇರ್ತೀನಿ, ಯಾರಾದ್ರೂ ಕೇಳ್ಬೇಕಲ್ಲ.

ಇಷ್ಟಾದ್ರೂ ನಂಗೆ ಡಿಎಂಗಿಂತ ಜಾಸ್ತಿ ಸಿಟ್ಟು ಬಂದಿದ್ದು ಫೋನ್ ತೆಗೆದು ಯಾವ್ದೋ ಬೇರೆ ಎಡಿಷನ್ನಿನ ರೂಲನ್ನ ಗಟ್ಟಿಯಾಗಿ ಓದಿ ಉರಿಯೋ ಬೆಂಕಿಗೆ ತುಪ್ಪ ಸುರಿದ ಆ ಮೂರನೇ ಆಸಾಮಿ ಮೇಲೆ. 20 ಬಿದ್ರೆ ಏನ್ ಬೇಕಾದ್ರೂ ಆಗುತ್ತೆ ಅಂತ ವಾದಿಸೋನೂ ಇವ್ನೇ ಅಂತೆ. ನೀವಾಡೋ ರೂಲ್ಸಲ್ಲಿ 20 ಬಿದ್ರೆ ಅಟ್ಯಾಕು ತಗಲೇ ತಗಲುತ್ತೆ, ಸ್ಟೆಲ್ತ್ ತರದ ಸ್ಕಿಲ್ ಚೆಕ್ಕಿಗೆ ಹಂಗೇನಿಲ್ಲ ಅಂತ ಅವ್ನಿಗೆ ಹೇಳಿ, ಫೋನ್ ಕಿತ್ತಿಡಿ.

ಗುಂಪು ಬಿಡೋ ಮಾತು ಬೇಡ. ಒಂದೇ ಕೆಲ್ಸ ಮಾಡಿ. ಮುಂದಿನ ಸಲ ದಾಳ ಕೈಯಲ್ಲೇ ಹಿಡ್ಕೊಂಡು "ಎಷ್ಟು ಬೇಕು, ಸಮ ಬಂದ್ರೆ ಯಾರ್ ಗೆದ್ದಂಗೆ" ಅಂತ ಕೇಳಿ. ಗುಟ್ಟಾಗಿಡ್ಬೇಕು ಅಂದ್ರೆ ಚೀಟೀಲಿ ಬರೆದು ಮಗುಚಿ ಇಡ್ಲಿ, ರೋಲ್ ಆದ್ಮೇಲೆ ತೆಗೆದು ನೋಡೋಣ. ಬರೆಯಲ್ಲ ಅಂದ್ನಾ, ನೀವೂ ದಾಳ ಹಾಕ್ಬೇಡಿ, ಕಳ್ಳಿ ಗೋಡೆ ಹಿಂದೇನೇ ನಿಂತಿರ್ಲಿ.