ಹೊಲದ ಪಟ್ಟೆಕಲ್ಲು ಪದಕ ಆಗುತ್ತಾ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಅಕ್ಕ, ಹೊಳಲ್ಕೆರೆ ಕಡೆ ನಮ್ಮ ಹೊಲ. ಉಳುವಾಗೆಲ್ಲ ಕೆಂಪು, ಕಪ್ಪು ಪಟ್ಟೆ ಇರೋ ಕಲ್ಲು ಏಳ್ತಾವೆ, ಸಣ್ಣದಾದ್ರೂ ಕೈಗೆ ತಗೊಂಡ್ರೆ ಭಾರ. ಮಗಳ ಮದುವೆಗೆ ಇದರಲ್ಲೇ ಒಂದು ಬೆಳ್ಳಿ ಪದಕ ಮಾಡಿಸ್ಬೇಕು ಅಂತ ಆಸೆ. ಅಂಗಡಿಯವರು ಇದು ಬರೀ ಕಲ್ಲಮ್ಮ, ರತ್ನ ಅಲ್ಲ ಅಂದ್ಬಿಟ್ರು. ಮಾಡಿಸ್ಬಹುದಾ?

ಉತ್ತರ: ಖಂಡಿತ ಮಾಡಿಸಿ ತಂಗಿ. ಅಂಗಡೀಲಿ ರತ್ನ ಅಂದ್ರೆ ಒಂಬತ್ತೇ ಲೆಕ್ಕ, ಆದ್ರೆ ನಿಮ್ಮ ಹೊಲದ ಕಲ್ಲು 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇದ್ದಾಗ ತಳಕ್ಕೆ ಕೂತಿದ್ದು, ನೀರಲ್ಲಿ ಕರಗಿದ್ದ ಕಬ್ಬಿಣ ಒಂದು ಪದರ, ಬೆಣಚಿನ ಅಂಶ ಒಂದು ಪದರ ಹೀಗೆ ಕೂತು ಕೂತು ಪಟ್ಟೆ ಆಗಿದೆ. ಕೆಂಪು ಪಟ್ಟೆ ಜಾಸ್ಪರ್, ಅಂದ್ರೆ ಕಬ್ಬಿಣದ ಪುಡಿ ಸೇರಿ ಬಣ್ಣ ಬಂದ ಬೆಣಚು. ಕಪ್ಪು ಪಟ್ಟೆ ಕಬ್ಬಿಣದ ಅದಿರು, ಭಾರ ಇರೋದು ಅದಕ್ಕೇ. ಒಂದು ಅಯಸ್ಕಾಂತ ಹಿಡಿದು ನೋಡಿ, ಕಪ್ಪು ಪಟ್ಟೆಗೆ ಅಂಟಿದ್ರೆ ಅದು ಮ್ಯಾಗ್ನೆಟೈಟ್, ಅಂಟದೆ ಟೈಲ್ಸ್ ಹಿಂದಿನ ಒರಟು ಭಾಗಕ್ಕೆ ಉಜ್ಜಿದಾಗ ಕುಂಕುಮದ ಥರ ಗೆರೆ ಬಿದ್ರೆ ಹೆಮಟೈಟ್.

ಈಗ ಕಲ್ಲು ಆರಿಸೋದು, ಇದರಲ್ಲಿ ಅವಸರ ಬೇಡ. ಬಿಸಿಲು ಮಳೆಗೆ ಮೇಲ್ಪದರ ಸಡಿಲ ಆಗಿರುತ್ತೆ, ಉಗುರಲ್ಲಿ ಕೆರೆದ್ರೆ ಪುಡಿ ಬರೋದನ್ನ ಬಿಟ್ಬಿಡಿ. ಗಟ್ಟಿ ಇರೋದನ್ನ ನೀರಲ್ಲಿ ಅದ್ದಿ ತೆಗೆದು ಬಟ್ಟೇಲಿ ಒರೆಸಿ ನೋಡ್ತಾ ಇರಿ, ಮೇಲೆಲ್ಲ ಒಣಗಿದ ಮೇಲೂ ಕೂದಲೆಳೆ ಥರ ಒದ್ದೆ ಗೆರೆ ಎಲ್ಲಿ ಉಳಿಯುತ್ತೋ ಅಲ್ಲಿ ಬಿರುಕಿದೆ. ಪಾಲಿಶ್ ಆದ್ಮೇಲೆ ಯಾವ ಬಣ್ಣ ಬರುತ್ತೆ ಅನ್ನೋದೂ ಒದ್ದೆ ಇದ್ದಾಗ್ಲೇ ಗೊತ್ತಾಗುತ್ತೆ. ಆಮೇಲೆ ಕೊಯ್ಯೋ ದಿಕ್ಕು. ಪಟ್ಟೆಗೆ ಅಡ್ಡ ಕೊಯ್ದ್ರೆ ನೇರ ಗೆರೆ ಬರುತ್ತೆ, ಪಟ್ಟೆ ಹರಿಯೋ ದಿಕ್ಕಲ್ಲೇ ಕೊಯ್ದ್ರೆ ಬರೀ ಒಂದೇ ಬಣ್ಣ ಸಿಕ್ಕು ಇಷ್ಟು ಚೆಂದದ ಕಲ್ಲು ವೇಸ್ಟ್ ಆಗುತ್ತೆ. ನನ್ನ ಕೇಳಿದ್ರೆ ಪಟ್ಟೆ ಮಡಚಿ ಬಾಗಿರೋ ತುಂಡನ್ನೇ ಹುಡುಕಿ, ಭೂಮಿ ಒಳಗಿನ ಒತ್ತಡಕ್ಕೆ ಹಂಗೆ ಮಡಚಿರೋದು, ಅಡ್ಡ ಕೊಯ್ದಾಗ ಜೋಗಿಮಟ್ಟಿ ಗುಡ್ಡದ ಸಾಲು ದೂರದಿಂದ ಕಂಡಂಗೆ ಕಾಣುತ್ತೆ, ಅದರ ಮೇಲೆ ಇನ್ನು ಡಿಸೈನ್ ಬೇಕಾಗೋದೇ ಇಲ್ಲ.

ಕಲ್ಲು ಕೊಯ್ಯೋರು ಬೇರೆ, ಕೂರಿಸೋರು ಬೇರೆ, ನಿಮ್ಮ ಅಕ್ಕಸಾಲಿಗರ ಹತ್ರ ವಜ್ರದ ಪುಡಿ ಹಾಕಿದ ಗರಗಸ ಇಲ್ದೇ ಇರ್ಬಹುದು. ಯಾರೇ ಕೊಯ್ಲಿ, ನೀರು ಬಿಟ್ಕೊಂಡೇ ಕೊಯ್ಯೋಕೆ ಹೇಳಿ, ಬೆಣಚಿನ ಒಣ ಪುಡಿ ಶ್ವಾಸಕೋಶಕ್ಕೆ ಹೋದ್ರೆ ಸಿಲಿಕೋಸಿಸ್ ಬರುತ್ತೆ, ಮತ್ತೆ ವಾಸಿ ಆಗಲ್ಲ. ಸುಮಾರು 5 ಮಿ.ಮೀ. ದಪ್ಪ ಸಾಕು, ಮೇಲೆ ಸ್ವಲ್ಪ ಉಬ್ಬು ಇರ್ಲಿ. ಮುಳ್ಳಿನ ಹಿಡಿತ ಬೇಡ, ಪಟ್ಟೆ ಸೇರೋ ಜಾಗದಲ್ಲಿ ಚಕ್ಕೆ ಏಳಬಹುದು, ಸುತ್ತ ಬೆಳ್ಳಿ ಪಟ್ಟಿ ಕಟ್ಟಿ ಒಳಗೆ ಒತ್ತಿ ಕೂರಿಸ್ಲಿ. ಬೆಸುಗೆ ಕೆಲಸ ಎಲ್ಲಾ ಮುಗಿದ ಮೇಲೇನೇ ಕಲ್ಲು ಕೂರಿಸ್ಬೇಕು, ಬೆಂಕಿ ತಾಗಿದ್ರೆ ಸೀಳುತ್ತೆ.

ಪ್ರಶ್ನೆ: ದಾವಣಗೆರೆ ಕಾಲೇಜ್ ಹುಡುಗಿ ನಾನು. ಮರಡಿಹಳ್ಳಿ ದಿಂಬುಕಲ್ಲು (ದಿಂಬು ಪೇರಿಸಿದಂಗೆ ಗಟ್ಟಿಯಾದ ಹಳೇ ಲಾವಾ ಬಂಡೆ) ನೋಡಿ ಬಂದ್ಮೇಲೆ ಅದೇ ಥರ ಓಲೆ ಮಾಡ್ಕೋಬೇಕು ಅನ್ನಿಸ್ತಿದೆ. ಅಲ್ಲಿಂದ, ಇಲ್ಲ ಚಿತ್ರದುರ್ಗದ ಕೋಟೆಯಿಂದ, ಒಂದು ಚೂರು ಕಲ್ಲು ತಂದ್ರೆ ತಪ್ಪಾ?

ಉತ್ತರ: ತಪ್ಪು ಪುಟ್ಟ, ದಯವಿಟ್ಟು ತರಬೇಡ. ಮರಡಿಹಳ್ಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆ ರಕ್ಷಣೇಲಿದೆ. ಬಂದೋರೆಲ್ಲ ಒಂದೊಂದು ಚೂರು ತಗೊಂಡು ಹೋದ್ರೆ ನಾಳೆ ನಿನ್ನ ಮಕ್ಕಳಿಗೆ ಏನು ತೋರಿಸ್ತೀಯ? ಅದೂ ಅಲ್ದೆ ಆ ಹಸಿರು ಲಾವಾ ಕಲ್ಲು ಮೆತ್ತಗಿರುತ್ತೆ, ಒಳ್ಳೆ ಹೊಳಪು ಬರಲ್ಲ.

ಕಲ್ಲು ಬಿಡು, ಆಕಾರ ತಗೋ. ಲಾವಾ ನೀರೊಳಗೆ ಉಕ್ಕಿದಾಗ ಮೇಲಿನ ಸಿಪ್ಪೆ ತಕ್ಷಣ ತಣ್ಣಗಾಗಿ ಚೀಲದ ಥರ ಉಬ್ಬುತ್ತೆ, ಒಂದರ ಮೇಲೊಂದು ಬಿದ್ದಾಗ ತಲೆ ದುಂಡಗೆ ಉಳಿದು, ಬುಡ ಮಾತ್ರ ಕೆಳಗಿನ ಎರಡು ದಿಂಬಿನ ಸಂದಿಗೆ ಇಳಿದು ಚೂಪಾಗುತ್ತೆ. ಮೇಲು ಯಾವುದು ಕೆಳಗು ಯಾವುದು ಅಂತ ಭೂವಿಜ್ಞಾನಿಗಳು ಗುರುತು ಹಿಡಿಯೋದೇ ಆ ಚೂಪಿಂದ. ಹಂಗಾಗಿ ಬೆಳ್ಳಿ ತಗಡನ್ನ ಬೇರೆ ಬೇರೆ ಅಳತೆಗೆ ಕತ್ತರಿಸಿ, ಗುಳಿ ಅಚ್ಚಲ್ಲಿ ತಟ್ಟಿ ಉಬ್ಬಿಸಿ, ಚೂಪು ಕೆಳಗೇ ಬರೋ ಹಂಗೆ ಒತ್ತೊತ್ತಾಗಿ ಜೋಡಿಸೋಕೆ ಹೇಳು, ಸಂದಿಗಳನ್ನ ಆಕ್ಸಿಡೈಸ್ ಮಾಡಿ ಕಪ್ಪಾಗಿಸಿದ್ರೆ ಮರಡಿಹಳ್ಳಿ ಬಂಡೆ ಕಿವೀಲಿ ತೂಗಿದಂಗೆ ಇರುತ್ತೆ. ಎರಡೂ ಓಲೆ ತದ್ರೂಪ ಇರ್ಬೇಕು ಅಂತ ಹಟ ಮಾಡ್ಬೇಡ, ಬಂಡೇಲಿ ಯಾವ ದಿಂಬೂ ಇನ್ನೊಂದರ ಹಂಗಿಲ್ಲ.

ಪ್ರಶ್ನೆ: ಹಸಿರಾಗಿ ಮಿಣಮಿಣ ಅನ್ನೋ ಕಲ್ಲಿನ ಉಂಗುರ ಕೊಂಡೆ, ಪಚ್ಚೆ ಅಂದಿದ್ರು, ಆರೇ ತಿಂಗಳಿಗೆ ಮಂಕಾಯ್ತು. ಮೋಸ ಹೋದ್ನಾ? (ಹಿರಿಯೂರು)

ಉತ್ತರ: ಕೈಯಲ್ಲಿ ಹಿಡಿದು ನೋಡ್ದೆ ಪಕ್ಕಾ ಹೇಳೋಕಾಗಲ್ಲ ಸರ್, ಆದ್ರೆ ಮಿಣಮಿಣ ಅಂತೀರಲ್ಲ, ಅದು ಫುಕ್ಸೈಟ್ ಅನ್ನೋ ಹಸಿರು ಅಭ್ರಕ ಸೇರಿದ ಬೆಣಚುಕಲ್ಲು ಇರ್ಬಹುದು. ನಮ್ಮ ಜಿಲ್ಲೆಯ ಘಟ್ಟಿಹೊಸಹಳ್ಳೀಲೂ ಈ ಕಲ್ಲಿದೆ. ಪಚ್ಚೆಗೂ ಇದಕ್ಕೂ ಹಸಿರು ಕೊಡೋದು ಕ್ರೋಮಿಯಂ, ಮಾಣಿಕ್ಯದ ಕೆಂಪೂ ಅದರಿಂದ್ಲೇ, ಆದ್ರೆ ಕಲ್ಲು ಬೇರೆ ಬೇರೆ. ಹತ್ತರ ಅಳತೇಲಿ ಬೆಣಚಿನ ಗಡಸುತನ 7, ಅಭ್ರಕದ್ದು 3ರ ಆಸುಪಾಸು, ಹಾಗಾಗಿ ಉಜ್ಜಿದಾಗ ಅಭ್ರಕ ಮೊದ್ಲು ಸವೆದು ಮೇಲ್ಮೈ ಗುಳಿಗುಳಿ ಆಗಿ ಮಂಕು ಕಾಣುತ್ತೆ. ನಾನೂ ನನ್ನ ನಾದಿನಿಗೆ ಇದರಲ್ಲೇ ಉಂಗುರ ಮಾಡ್ಕೊಟ್ಟು, ಅದು ಸವೆದಾಗ ಬಹಳ ನೊಂದ್ಕೊಂಡಿದ್ದೆ. ಆಮೇಲೆ ಅದೇ ಕಲ್ಲು ತೆಗೆದು ಪದಕಕ್ಕೆ ಹಾಕ್ಸಿದೆ, ಇವತ್ತಿಗೂ ಚೆನ್ನಾಗಿದೆ. ನೀವೂ ಮತ್ತೆ ಪಾಲಿಶ್ ಮಾಡ್ಸಿ ಪದಕ ಮಾಡ್ಸಿ, ಆದ್ರೆ ಪಚ್ಚೆ ರೇಟ್ ಕೊಟ್ಟಿದ್ರೆ ಬಿಲ್ ತಗೊಂಡು ಹೋಗಿ ಕೇಳ್ಲೇಬೇಕು.

ಒರೆಸೋ ಮುಂಚೆ ನೀರಲ್ಲಿ ತೊಳೀರಿ. ನಮ್ಮ ಕಡೆ ಗಾಳಿ ಧೂಳಲ್ಲಿ ಬೆಣಚಿನ ಪುಡಿ ಇರುತ್ತೆ, ಒಣಬಟ್ಟೇಲಿ ಉಜ್ಜಿದ್ರೆ ಮರಳುಕಾಗದದಲ್ಲಿ ಉಜ್ಜಿದಂಗೇ.