ಕಹಿಯಿಂದ ಶುರು ಮಾಡಿ

ಹೋದ ಸಂಚಿಕೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯವರ ಎಪ್ಕಾಟ್ ಪಾರ್ಕಿನಲ್ಲಿ ಇಟಲಿಯ ತಿಂಡಿ, ಪಾನೀಯಗಳ ರುಚಿ ನೋಡಿದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗಳು ಅಲ್ಲೇ ಇರುವುದರಿಂದ 2023ರ ನವೆಂಬರಿನಲ್ಲಿ ಹೋಗಿದ್ದೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬಂದಿವೆ. ಈ ಸಲ ಪೂರ್ತಿ ಜಾಗ ಅದಕ್ಕೇ ಕೊಡುತ್ತಿದ್ದೇನೆ. ಹಾಗಲಕಾಯಿ ಉಪ್ಪಿನಕಾಯಿ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ.

ಪ್ರಶ್ನೆ: ಡಿಸೆಂಬರಿನಲ್ಲಿ ಮಗನ ಮನೆಗೆ ಹೋಗುತ್ತಿದ್ದೇವೆ. ಎಪ್ಕಾಟ್‌ಗೆ ಒಂದೇ ದಿನ ಇಟ್ಟುಕೊಂಡಿದ್ದೇವೆ. ಇಟಲಿಯ ಭಾಗದಲ್ಲಿ ಏನು ತಿನ್ನಬೇಕು, ಎಲ್ಲಿಂದ ಶುರು ಮಾಡಬೇಕು? — ಗೃಹಿಣಿ, ವಿರಾಜಪೇಟೆ

ಅಕ್ಕಾ, ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಈ ಪಾರ್ಕ್ ಶುರುವಾಗಿದ್ದು 1982ರ ಅಕ್ಟೋಬರ್ 1ಕ್ಕೆ. ಒಂದು ದೊಡ್ಡ ಕೆರೆ. ಅದರ ಸುತ್ತ 11 ದೇಶಗಳ ಹಾಗೆ ಕಟ್ಟಿದ ಬೀದಿಗಳು. ಒಂದು ಸುತ್ತು ಬಂದರೆ ಸುಮಾರು 2 ಕಿಲೋಮೀಟರ್ ನಡೆದ ಹಾಗಾಗುತ್ತದೆ. ಜರ್ಮನಿ ದಾಟಿದರೆ ಇಟಲಿ, ಇಟಲಿ ದಾಟಿದರೆ ಅಮೆರಿಕ. ವೆನಿಸ್ ಊರಿನ ಅರಮನೆ, ಎತ್ತರದ ಗಂಟೆಗೋಪುರ ಎರಡನ್ನೂ ಚಿಕ್ಕದಾಗಿ ಕಟ್ಟಿದ್ದಾರೆ. ಮೆತ್ತಗಿನ ಚಪ್ಪಲಿ ಹಾಕಿಕೊಳ್ಳಿ, ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಬೇಡಿ.

ನಾವು ಹೋದ ಕೂಡಲೇ ಸಿಹಿ ಕೇಳುತ್ತೇವೆ, ಅಲ್ವಾ? ಅಲ್ಲಿ ಮಾತ್ರ ಹಾಗೆ ಮಾಡಬೇಡಿ. ಇಟಲಿಯವರು ಊಟಕ್ಕೆ ಮುಂಚೆ ಒಂದು ಕಹಿ ಪಾನೀಯ ಕುಡಿಯುತ್ತಾರೆ. ಅದಕ್ಕೆ ಅಪೆರಿಟಿವೋ ಅನ್ನುತ್ತಾರೆ. 'ತೆರೆಯುವುದು' ಎನ್ನುವ ಲ್ಯಾಟಿನ್ ಮಾತಿನಿಂದ ಬಂದ ಹೆಸರು, ಅಂದರೆ ಹಸಿವನ್ನು ತೆರೆಯುವುದು. ಮೊದಲು ಕಹಿ, ಆಮೇಲೆ ಉಪ್ಪಿನದು, ಆಮೇಲೆ ಸಿಹಿ, ಕೊನೆಗೆ ಹಾಲಿಲ್ಲದ ಪುಟ್ಟ ಕಾಫಿ. ಈ ಸಾಲಿನಲ್ಲಿ ಹೋದರೆ ಪ್ರತಿಯೊಂದರ ರುಚಿಯೂ ಬೇರೆ ಬೇರೆಯಾಗಿ ತಿಳಿಯುತ್ತದೆ. ನಾಲ್ಕು ಜನ ಇದ್ದರೆ ಒಂದೊಂದೇ ತಟ್ಟೆ ತೆಗೆದುಕೊಂಡು ಹಂಚಿಕೊಳ್ಳಿ.

ಕೂತು ತಿನ್ನಬೇಕು ಅನಿಸಿದರೆ ವಿಯಾ ನಾಪೊಲಿ ಎನ್ನುವ ಪಿಜ್ಜಾ ಹೋಟೆಲ್ ಇದೆ. ಅಲ್ಲಿ ಸೌದೆಯ ಒಲೆ ಮೂರಿವೆ. ಎಟ್ನಾ, ವೆಸೂವಿಯೋ, ಸ್ಟ್ರಾಂಬೊಲಿ ಅಂತ ಇಟಲಿಯ ಮೂರು ಜ್ವಾಲಾಮುಖಿಗಳ ಹೆಸರು ಇಟ್ಟಿದ್ದಾರೆ. ಒಲೆಗಳ ಬಾಯಿಗೆ ಮೀಸೆ ಹೊತ್ತ ದೊಡ್ಡ ಮುಖಗಳಿವೆ, ಮಕ್ಕಳಿಗೆ ತೋರಿಸಿ.

ಪ್ರಶ್ನೆ: ನಿಮ್ಮ ಬರಹದಲ್ಲಿದ್ದ 'ಬೆವರ್ಲಿ'ಯನ್ನು ನಾನೂ ಅದೇ ಪಾರ್ಕಿನಲ್ಲಿ ಕುಡಿದಿದ್ದೇನೆ. ತುಂಬಾ ಕಹಿ. ಕೆಟ್ಟಿರಬೇಕು ಅಂತ ಚೆಲ್ಲಿಬಿಟ್ಟೆ. ಅದು ನಿಜಕ್ಕೂ ಹಾಗೇ ಇರುತ್ತದಾ? — ಸಾಫ್ಟ್‌ವೇರ್ ಉದ್ಯೋಗಿ, ಮಡಿಕೇರಿ

ಹಾಗೇ ಇರುತ್ತದೆ ತಮ್ಮಾ. ಕೆಟ್ಟಿರಲಿಲ್ಲ. ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಪಾರ್ಕಿನಲ್ಲಿ ಕ್ಲಬ್ ಕೂಲ್ ಅಂತ ಒಂದು ಜಾಗ ಇದೆ. ಬೇರೆ ಬೇರೆ ದೇಶಗಳಲ್ಲಿ ಕೋಕಾ-ಕೋಲಾ ಕಂಪನಿ ಮಾಡುವ ಪಾನೀಯಗಳನ್ನು ನಲ್ಲಿಯಿಂದ ನಾವೇ ಪುಟ್ಟ ಲೋಟಕ್ಕೆ ಹಿಡಿದು ಕುಡಿಯಬಹುದು. ದುಡ್ಡಿಲ್ಲ. ನಾನು ಹೋದಾಗ ಅದರಲ್ಲಿ ಇಟಲಿಯದು ಬೆವರ್ಲಿ ಇತ್ತು. 1969ರಲ್ಲಿ ಇಟಲಿಯಲ್ಲಿ ಶುರುವಾದದ್ದು. 2009ರಲ್ಲಿ ಆ ದೇಶದಲ್ಲೇ ಮಾಡುವುದನ್ನು ನಿಲ್ಲಿಸಿದರು. ಅದರಲ್ಲಿ ಮದ್ಯದ ಅಂಶವಿಲ್ಲ. ನೋಡಲು ನೀರಿನ ಹಾಗೆ, ಗುಳ್ಳೆ ಬರುತ್ತದೆ. ಅಕ್ಕಪಕ್ಕದ ನಲ್ಲಿಗಳಲ್ಲೆಲ್ಲ ಹಣ್ಣಿನ ಸಿಹಿ. ಅದನ್ನು ಕುಡಿದ ನಾಲಿಗೆಗೆ ಇದು ಬಿದ್ದರೆ ಕಹಿ ಎರಡು ಪಟ್ಟಾಗಿ ಕಾಣುತ್ತದೆ. ನೀವು ಚೆಲ್ಲಿದ್ದರಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಮ್ಮೆ ಹೋದಾಗ ಅದು ಸಿಕ್ಕರೆ ಅದನ್ನೇ ಮೊದಲು ಕುಡಿಯಿರಿ.

ನನಗೆ ಆ ಮೊದಲ ಗುಟುಕು ಚಕ್ಕೋತದ ಸಿಪ್ಪೆ ಜಗಿದ ಹಾಗಿತ್ತು. ನಾಲಿಗೆಯ ಹಿಂಭಾಗಕ್ಕೆ ಹೋಗಿ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಮೊಮ್ಮಗಳು ಮುಖ ಕಿವಿಚಿ, "ತಾಯೀ, ಇದು ಮದ್ದಾ?" ಅಂದಳು. ನಮ್ಮಲ್ಲಿ ಅಜ್ಜಿಯನ್ನು ತಾಯಿ ಅಂತ ಕರೆಯುತ್ತಾರೆ. ಅವಳು ಕೇಳಿದ ಆ ಮಾತಿನಿಂದ ನನಗೆ ನೆನಪಾದದ್ದು ಕೈಪುಳಿ.

ಕೈಪುಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಡಗಿನ ತೋಟಗಳ ಅಂಚಿನಲ್ಲಿ ಬೆಳೆಯುವ ಕಹಿ-ಹುಳಿ ಕಿತ್ತಳೆ. ಅದರ ಹೆಸರಲ್ಲೇ ಕಹಿಯೂ ಇದೆ, ಹುಳಿಯೂ ಇದೆ. ಸುಂಟಿಕೊಪ್ಪದ ನಮ್ಮ ಮನೆ ಹಿಂದೆ ಒಂದು ಮರ ಇತ್ತು. ಅವ್ವ ಹಣ್ಣನ್ನು ಇಡಿಯಾಗಿ ಒಲೆಯ ಕೆಂಡದಲ್ಲಿ ಹೂಳುತ್ತಿದ್ದರು. ಸಿಪ್ಪೆ ಕಪ್ಪಾಗಿ ಸುಯ್ ಅಂತ ಎಣ್ಣೆ ಬಿಡುತ್ತಿತ್ತು. ಆ ವಾಸನೆ ಅಂಗಳದವರೆಗೆ ಬರುತ್ತಿತ್ತು. ಸುಟ್ಟ ಸಿಪ್ಪೆ ಬಿಡಿಸಿ, ಬೀಜ ತೆಗೆದು, ತೊಳೆ ಕಿವುಚಿ, ಬೆಲ್ಲ, ಉಪ್ಪು, ಜಜ್ಜಿದ ಸೂಜಿಮೆಣಸು ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ಪಜ್ಜಿ ಆಯಿತು. ಚಿಕ್ಕವಳಿದ್ದಾಗ ನಾನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ. ಅವ್ವ ಗದರುತ್ತಿರಲಿಲ್ಲ. ಅಕ್ಕಿ ರೊಟ್ಟಿಯ ತುದಿಗೆ ಒಂದು ಚೂರು ಸವರಿ ಕೊಡುತ್ತಿದ್ದರು ಅಷ್ಟೇ. ಯಾವ ವರ್ಷ ನಾನೇ ಕೇಳಿ ಹಾಕಿಸಿಕೊಳ್ಳಲು ಶುರು ಮಾಡಿದೆನೋ ನೆನಪಿಲ್ಲ.

ಇಟಲಿಯಲ್ಲೂ ಇದರ ನೆಂಟ ಇದೆ. ಕಿನೋಟ್ಟೋ ಅಂತ ಒಂದು ಪುಟ್ಟ ಕಹಿ ಕಿತ್ತಳೆ. ಉತ್ತರದ ಸವೋನಾ ಊರಿನ ಸುತ್ತ ಬೆಳೆಯುತ್ತಾರೆ. ಅದರ ಸೋಡಾ ಕಂದು ಬಣ್ಣದ್ದು. ಕೋಲಾ ಅಂದುಕೊಂಡು ಕುಡಿದರೆ ಕೊನೆಯಲ್ಲಿ ಕಹಿ ಹಿಡಿಯುತ್ತದೆ. ಊಟಕ್ಕೆ ಮುಂಚಿನ ಕಹಿ ಪಾನೀಯಗಳಲ್ಲಿ ಕೆಂಪಗೆ ಹೊಳೆಯುವ ಕಂಪಾರಿ 1860ರಿಂದ ಇದೆ, ಕಿತ್ತಳೆ ಬಣ್ಣದ ಅಪೆರೋಲ್ 1919ರಿಂದ. ಇವೆರಡರಲ್ಲೂ ಮದ್ಯ ಇದೆ, ನೆನಪಿರಲಿ.

ಕಹಿ ಪಾನೀಯ ಕುಡಿಯುವ ಕ್ರಮ ಹೀಗೆ. ಅರ್ಧ ಗುಟುಕು ಬಾಯಲ್ಲಿ ಇಟ್ಟುಕೊಳ್ಳಿ. ನುಂಗಿ, ಸುಮ್ನೆ ಹತ್ತು ಎಣಿಸುವಷ್ಟು ಹೊತ್ತು ಇರಿ. ಬಾಯಲ್ಲಿ ನೀರೂರುತ್ತದೆ. ಆಗ ಉಪ್ಪಿನದೇನಾದರೂ ಒಂದು ಚೂರು ತಿನ್ನಿ, ಒಂದು ಆಲಿವ್ ಆದರೂ ಸಾಕು. ಎರಡನೇ ಗುಟುಕು ಬೇರೆಯೇ ಆಗಿರುತ್ತದೆ. ಮೊಮ್ಮಗಳು ಬೆವರ್ಲಿಯ ಎರಡನೇ ಗುಟುಕು ಕುಡಿದಳು. ಮೂರನೆಯದಕ್ಕೆ ಬೇಡ ಅಂದಳು. ನಾನು ಒತ್ತಾಯ ಮಾಡಲಿಲ್ಲ.

ಪ್ರಶ್ನೆ: ನಾವು ಸಂಪೂರ್ಣ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ಇಟಲಿಯ ತಿಂಡಿಗಳಲ್ಲಿ ಯಾವುದು ಸುರಕ್ಷಿತ? — ಓದುಗರು, ಕುಶಾಲನಗರ

ಇಟಲಿ ಅಂದರೆ ಚೀಸ್, ಚೀಸ್ ಅಂದರೆ ಸಸ್ಯಾಹಾರ ಅಂತ ನಂಬಿಕೊಂಡು ಹೋಗಬೇಡಿ. ಪಾರ್ಮೆಸಾನ್ ಅನ್ನುವ ಗಟ್ಟಿ ಚೀಸ್‌ನ ಅಸಲಿ ಬಗೆ ಪಾರ್ಮಿಜಾನೋ ರೆಜಾನೋ. ಅದರ ಹಾಲನ್ನು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೆನೆಯ ಸಿಹಿ ಪನ್ನಾ ಕೋಟ್ಟಾದಲ್ಲಿ ಜೆಲಾಟಿನ್ ಇರುತ್ತದೆ, ಅದನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುತ್ತಾರೆ. ಕಾಫಿ, ಚೀಸ್ ಹಾಕಿದ ಸಿಹಿ ತಿರಮಿಸುವಿನಲ್ಲಿ ಮೊಟ್ಟೆ. ಸಿಸಿಲಿಯ ಕನೋಲಿಯ ಗರಿಗರಿ ಕೊಳವೆಯ ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುವ ಪದ್ಧತಿ ಇದೆ. ಅರಂಚಿನಿ ಅಂದರೆ ಅನ್ನದ ಉಂಡೆ ಕರಿದದ್ದು. 'ಪುಟ್ಟ ಕಿತ್ತಳೆ' ಅಂತ ಅರ್ಥ, ನೋಡಲು ನಮ್ಮ ಕೊಡಗು ಕಿತ್ತಳೆಯಷ್ಟೇ ಗಾತ್ರ. ಆದರೆ ಒಳಗೆ ಸಾಮಾನ್ಯವಾಗಿ ರಗೂ, ಅಂದರೆ ಮಾಂಸದ ಗಟ್ಟಿ ಗೊಜ್ಜು ಇರುತ್ತದೆ. ಅದು ದನದ್ದೂ ಆಗಿರಬಹುದು. ಕೇಳದೆ ಬಾಯಿಗೆ ಇಡಬೇಡಿ.

ನಿಮಗೆ ಧೈರ್ಯವಾಗಿ ಹೇಳುವುದು ಪಿಜ್ಜಾ ಮಾರಿನಾರಾ. ಹೆಸರಿನಲ್ಲಿ ಸಮುದ್ರ ಇದ್ದರೂ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೋ, ಆಲಿವ್ ಎಣ್ಣೆ. ಪಟ್ಟಿಯಲ್ಲಿ ಕಾಣದಿದ್ದರೆ ಚೀಸ್ ಇಲ್ಲದೆ ಮಾಡಿಕೊಡಿ ಅಂತ ಕೇಳಿ. ಇನ್ನೊಂದು, ನಿಂಬೆಯ ಸೊರ್ಬೆಟ್ಟೋ. ಹಾಲಿಲ್ಲದ ಐಸ್. ಆ ದೊಡ್ಡ ಪಾರ್ಕುಗಳಲ್ಲಿ ಹೋಟೆಲಿನವರು ಏನೇನು ಹಾಕಿದ್ದಾರೆ ಅಂತ ಬೇಸರವಿಲ್ಲದೆ ಹೇಳುತ್ತಾರೆ. ಸಂಕೋಚ ಬೇಡ.

ಪ್ರಶ್ನೆ: ನಾವು ರೋಬಸ್ಟಾ ಕಾಫಿ ಬೆಳೆಗಾರರು. ಇಟಲಿಯ ಎಸ್ಪ್ರೆಸೊಗೆ ಅರೇಬಿಕಾ ಮಾತ್ರ ಹಾಕುತ್ತಾರೆ, ರೋಬಸ್ಟಾ ಕೀಳು ಎನ್ನುತ್ತಾರೆ. ನಿಜವೇ? — ಬೆಳೆಗಾರರು, ಸಿದ್ದಾಪುರ

ನಿಜವಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಭಾರತದ ಕಾಫಿಯನ್ನು ಎಲ್ಲಕ್ಕಿಂತ ಜಾಸ್ತಿ ಕೊಳ್ಳುವ ದೇಶ ಇಟಲಿ. ಭಾರತದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಫಿ ಬೆಳೆಯುವ ಜಿಲ್ಲೆ ನಮ್ಮ ಕೊಡಗು. ಅದರಲ್ಲೂ ದೊಡ್ಡ ಪಾಲು ರೋಬಸ್ಟಾ. ಸುಮ್ಮನೆ ಕೊಳ್ಳುತ್ತಾರಾ?

ಎಸ್ಪ್ರೆಸೊ ಅಂದರೆ ಆಗ ಹೇಳಿದ ಹಾಲಿಲ್ಲದ ಪುಟ್ಟ ಕಾಫಿ. ಅದರ ಮೇಲೆ ಒಂದು ನೊರೆಯ ಪದರ ನಿಲ್ಲುತ್ತದೆ. ಅದಕ್ಕೆ ಕ್ರೇಮಾ ಅನ್ನುತ್ತಾರೆ. ಸುಮಾರು 7 ಗ್ರಾಂ ನುಣ್ಣಗಿನ ಪುಡಿಯನ್ನು ಒತ್ತಿ ಕೂರಿಸಿ, ಬಿಸಿನೀರನ್ನು 9 ಬಾರ್ ಒತ್ತಡದಲ್ಲಿ ಹಾಯಿಸುತ್ತಾರೆ. 25-30 ಸೆಕೆಂಡಿನಲ್ಲಿ 25-30 ಮಿಲಿಲೀಟರ್ ಇಳಿಯುತ್ತದೆ. ಆ ನೊರೆ ದಪ್ಪವಾಗಿ ನಿಲ್ಲಲು, ಬಾಯಿ ತುಂಬಿದ ಹಾಗೆ ಅನಿಸಲು ರೋಬಸ್ಟಾ ಬೇಕು. ನೇಪಲ್ಸ್ ಕಡೆಯ, ದಕ್ಷಿಣ ಇಟಲಿಯ ಮಿಶ್ರಣಗಳಲ್ಲಿ ರೋಬಸ್ಟಾ ಪಾಲು ಜಾಸ್ತಿ. ಹಣ್ಣನ್ನು ಇಡಿಯಾಗಿ ಒಣಗಿಸಿ ಚೆರಿ ಮಾಡದೆ, ಸಿಪ್ಪೆ ಬಿಡಿಸಿ ಪಲ್ಪ್ ಮಾಡಿ, ತೊಳೆದು, ನಿಧಾನವಾಗಿ ಒಣಗಿಸಿದ ಪಾರ್ಚ್‌ಮೆಂಟ್ ರೋಬಸ್ಟಾಕ್ಕೆ ಅಲ್ಲಿ ಬೆಲೆ ಇದೆ. ನಮ್ಮ ಕಾಪಿ ರಾಯಲ್ ದರ್ಜೆ ಬರುವುದು ಅದರಿಂದಲೇ.

ಪಾರ್ಕಿನಲ್ಲಿ ಆ ಪುಟ್ಟ ಕಪ್ ಕೈಗೆ ಬಂದಾಗ ನಾನು ಮೊದಲು ನೊರೆ ನೋಡಿದೆ. ಹದವಾದ ಕಂದು, ಮೇಲೆ ಹುಲಿಪಟ್ಟೆಯ ಹಾಗೆ ಗೆರೆಗಳು. ಸಕ್ಕರೆ ಹಾಕಿದೆ. ಸಕ್ಕರೆ ಒಂದು ಗಳಿಗೆ ಮೇಲೆ ನಿಂತು ಆಮೇಲೆ ಮುಳುಗಿತು. ಮೂರೇ ಗುಟುಕು. ಕೊನೆಗೆ ಉಳಿದದ್ದು ಜನವರಿಯಲ್ಲಿ ನಮ್ಮ ಕಣದಲ್ಲಿ ಕಾಫಿ ಹರಡಿದಾಗ ಮೂಗಿಗೆ ಬರುವಂಥ ಒಣ ಮರದ ವಾಸನೆ. ಮಗಳಿಗೆ, "ಇದು ನಮ್ಮ ಕಡೆಯದು ಕಣೇ" ಅಂದೆ. ಕಣ್ಣು ತುಂಬಿ ಬಂತು. ಈ ವರ್ಷ ಕೊಯ್ಲಿಗೆ ಆಳು ಸಿಗದೆ, ಹೂಮಳೆ ಸರಿಯಾಗಿ ಬಾರದೆ ಎಷ್ಟು ಕಷ್ಟಪಟ್ಟಿದ್ದೀರಿ ಅಂತ ನನಗೆ ಗೊತ್ತಿದೆ. ಯಾರಾದರೂ ರೋಬಸ್ಟಾ ಕೀಳು ಅಂದರೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ವಿಷಯ. ನಮ್ಮ ಫಿಲ್ಟರ್ ಪುಡಿಗೆ ಬೆರೆಸುವ ಚಿಕೋರಿ ಇದೆಯಲ್ಲ, ಅದು ಒಂದು ಗಿಡದ ಬೇರು. ಅದೇ ಜಾತಿಯ ಇನ್ನೊಂದು ತಳಿಯ ಎಲೆಯನ್ನು ಇಟಲಿಯವರು ರಡೀಕ್ಯೋ ಅಂತ ಹಸಿಯಾಗಿ, ಸುಟ್ಟು ತಿನ್ನುತ್ತಾರೆ. ನೇರಳೆ ಬಣ್ಣ, ಬಿಳಿ ನರ. ಅದೂ ಕಹಿಯೇ.

ಪ್ರಶ್ನೆ: ಅತ್ತೆಗೆ 70 ವರ್ಷ. ಮನೆಯಲ್ಲಿ ಮಾಡಿದ ನೆಲ್ಲಿಕಾಯಿ ವೈನ್ ರುಚಿ ಬಲ್ಲವರು. ಪಾರ್ಕಿನಲ್ಲಿ ಇಟಲಿಯ ವೈನ್ ಕೊಡಿಸಬಹುದಾ? — ಸೊಸೆ, ನಾಪೋಕ್ಲು

ಖಂಡಿತ ಕೊಡಿಸಿ. ಪಾಸ್‌ಪೋರ್ಟ್ ಜೊತೆಗೆ ಇರಲಿ. ಅಲ್ಲಿ ಮದ್ಯ ಕೊಡಲು 21 ವರ್ಷ ಆಗಿರಬೇಕು, ತಲೆ ನರೆತವರನ್ನೂ ಕೇಳುವುದುಂಟು. ನಮ್ಮ ಮನೆ ವೈನ್ ಸಿಹಿ. ಹಾಗಾಗಿ ಮೊದಲ ಸಲಕ್ಕೆ ಗುಳ್ಳೆ ಬರುವ ಪ್ರೊಸೆಕ್ಕೋ ಹಗುರ. ನಿಂಬೆ ಸಿಪ್ಪೆಯ ಲಿಮೊಂಚೆಲ್ಲೋ ಅವರಿಗೆ ತುಂಬಾ ಹಿಡಿಸಬಹುದು, ಆದರೆ ಅದು ಗಟ್ಟಿ ಮದ್ಯ, ಬೆರಳಷ್ಟು ಸಾಕು. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ಹೋಂಸ್ಟೇ ನಡೆಸುತ್ತೇವೆ. ಇಟಲಿಯ ರುಚಿಯಂಥದ್ದನ್ನು ನಮ್ಮ ತೋಟದ ಸಾಮಾನಿನಲ್ಲೇ ಮಾಡಿ ಅತಿಥಿಗಳಿಗೆ ಕೊಡಬಹುದಾ? — ದಂಪತಿ, ಕಕ್ಕಬೆ

ಎರಡು ಹೇಳುತ್ತೇನೆ, ಎರಡನ್ನೂ ನಾನು ಮಾಡಿ ನೋಡಿದ್ದೇನೆ.

ಒಂದು, ಕಾಫಿ ಗ್ರನೀತಾ. ಸಿಸಿಲಿಯವರು ಬೇಸಿಗೆಯ ಬೆಳಿಗ್ಗೆ ಮೆತ್ತಗಿನ ಬನ್ ಜೊತೆ ತಿನ್ನುವ ಐಸ್. ಚಿಕೋರಿ ಇಲ್ಲದ ಪುಡಿಯಿಂದ ಎರಡು ಕಪ್ ಗಟ್ಟಿ ಡಿಕಾಕ್ಷನ್ ತೆಗೆಯಿರಿ. ಬಿಸಿ ಇರುವಾಗಲೇ ಅರ್ಧ ಕಪ್ ಸಕ್ಕರೆ ಕರಗಿಸಿ. ಆರಿದ ಮೇಲೆ ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು ಫ್ರೀಜರಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನಿಂದ ನಡುವಿಗೆ ಕೆರೆಯಬೇಕು. ಇದನ್ನು ಮರೆತರೆ ಕಲ್ಲಾಗುತ್ತದೆ. ಮೂರು ಗಂಟೆಯಲ್ಲಿ ಹರಳು ಹರಳಾಗಿ ಬರುತ್ತದೆ. ಗಾಜಿನ ಲೋಟಕ್ಕೆ ಹಾಕಿ, ಮೇಲೆ ಕಡೆದ ಕೆನೆ.

ಇನ್ನೊಂದು, ಕೈಪುಳಿ ಸೋಡಾ. ಎರಡು ಹಣ್ಣಿನ ಸಿಪ್ಪೆಯನ್ನು ತೆಳ್ಳಗೆ ಹೆರೆಯಿರಿ, ಒಳಗಿನ ಬಿಳಿ ಸ್ವಲ್ಪ ಬಂದರೂ ಬರಲಿ. ಒಂದು ಕಪ್ ನೀರು, ಒಂದು ಕಪ್ ಸಕ್ಕರೆ ಜೊತೆ ಹತ್ತು ನಿಮಿಷ ಕುದಿಸಿ. ಮುಚ್ಚಿಟ್ಟು ಮಾರನೆ ದಿನ ಸೋಸಿ. ಉದ್ದ ಲೋಟಕ್ಕೆ ಎರಡು ಚಮಚ ಪಾಕ, ಐಸ್, ಮೇಲೆ ಸೋಡಾ. ಊಟಕ್ಕೆ ಅರ್ಧ ಗಂಟೆ ಮುಂಚೆ, ಜಗಲಿಯಲ್ಲಿ ಕೊಡಿ, ಜೊತೆಗೆ ಉಪ್ಪು ಹಾಕಿ ಹುರಿದ ಗೋಡಂಬಿ. ಕಹಿ ಹೆಚ್ಚಾಯಿತು ಅಂದವರಿಗೆ ಸಕ್ಕರೆ ಹಾಕಿ ಕೊಡಬೇಡಿ, ಗೋಡಂಬಿ ತಟ್ಟೆಯನ್ನು ಹತ್ತಿರ ಸರಿಸಿ.